ಕನ್ನಡಿಯ ಹಿಂದಿನ ಮೊಳೆ

ರಾಯಬಾಗದಿಂದ ಕಾಗವಾಡಕ್ಕೆ ಹೋಗುವ ಬಸ್ಸು ಕುಡಚಿ ದಾಟಿ ಉಗಾರದ ಹತ್ತಿರ ಬಂತೆಂದರೆ, ಕಿಟಕಿಯ ಗಾಜು ಮುಚ್ಚಿದ್ದರೂ ಗೊತ್ತಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಅಲ್ಲಿನ ಗಾಳಿಗೆ ಕುದಿಯುವ ಕಬ್ಬಿನ ಹಾಲಿನ, ತಳ ಹತ್ತಿದ ಬೆಲ್ಲದ, ಅದರ ಅಡಿಯಲ್ಲಿ ಹುಳಿತ ಯಾವುದೋ ಒಂದರ ವಾಸನೆ ಇರುತ್ತದೆ. ಕಳೆದ ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ಹೋಗುವಾಗ ಆ ವಾಸನೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಕಡೆ ತಿರುಗಿ, "ಕೊಳ್ಳಾಗಿಂದ ಏನರ ಬಿತ್ತೇನ್ರಿ?" ಎಂದು ಕೇಳಿದಳು. ಆಗ ನೋಡಿಕೊಂಡೆ. ನನ್ನ ಬಲಗೈ ಸೆರಗನ್ನು ಕೊರಳಿಗೆ ಒತ್ತಿ ಹಿಡಿದಿತ್ತು.

"ಇಲ್ರಿ. ಅಲ್ಲೇನೂ ಇಲ್ಲ" ಎಂದೆ.

ಅವಳು ನನ್ನ ಕೊರಳನ್ನೂ ಮುಖವನ್ನೂ ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದಳು. ಹೊರಗೆ ಕಬ್ಬಿನ ಗಾಡಿಗಳು ಸಾಲಾಗಿ ನಿಂತಿದ್ದವು. ಬಸ್ಸು ಅವುಗಳ ಪಕ್ಕದಲ್ಲೇ ನಿಧಾನವಾಗಿ ಸರಿಯಿತು, ಒಂದೊಂದು ಗಾಲಿಯೂ ಹತ್ತಿರ ಬಂದು ದುಂಡಗಾಗಿ, ಹಿಂದೆ ಸರಿದು ಮೊಟ್ಟೆಯಂತಾಗಿ ಹೋಯಿತು. ಒಂದು ಕಾಲಕ್ಕೆ ಇದೇ ಗಾಲಿಗಳನ್ನು ತೋರಿಸಿ ಮಕ್ಕಳಿಗೆ ಪಾಠ ಹೇಳಿದ್ದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಧಾರವಾಡದಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದ್ದ ನನಗೆ ಉಗಾರ ಬುದ್ರುಕದ ಒಂದು ಹೈಸ್ಕೂಲಿನಲ್ಲಿ ಒಂದು ವರ್ಷದ ಮಟ್ಟಿಗೆ ಕೆಲಸ ಸಿಕ್ಕಿತು. ಮೊದಲ ದಿನ ಹೆಡ್ ಮಾಸ್ತರರು ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಬರೆಯುತ್ತ, ಪೆನ್ನು ಎತ್ತಿ, "ಕುಮಾರಿ ಅಂತ ಹಾಕಲೇನ್ರಿ?" ಎಂದು ಕೇಳಿದರು. ನಾನು "ಹೂಂರಿ" ಎಂದೆ.

ಅದರ ಹಿಂದಿನ ವರ್ಷ ಸೊಲ್ಲಾಪುರದ ಒಂದು ಮನೆಗೆ ನನ್ನನ್ನು ಮದುವೆ ಮಾಡಿ ಕೊಟ್ಟಿದ್ದರು. ಒಂದು ಮಳೆಗಾಲವನ್ನಷ್ಟೇ ಅಲ್ಲಿ ಕಳೆದೆ. ಅಲ್ಲಿ ಏನಾಯಿತೆಂಬುದನ್ನು ಅವ್ವನಿಗೂ ಪೂರ್ತಿ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ತಿರುಗಿ ಬಂದ ಮೇಲೆ ನಮ್ಮ ಓಣಿಯ ಹೆಂಗಸರು ಸಕ್ಕರೆ ಕೇಳುವ ನೆಪದಲ್ಲಿ ಬಂದು ಬಾಗಿಲೊಳಗೆ ಇಣುಕಿ ಹೋಗುತ್ತಿದ್ದರು. ನನ್ನನ್ನು ಯಾರೂ ಅರಿಯದ ಊರಿಗೆ ಕಳಿಸುವುದೇ ಒಳ್ಳೆಯದೆಂದು ಅಪ್ಪ ಅವ್ವ ನಿಶ್ಚಯಿಸಿದರು. ಹೊರಡುವ ಮುಂಜಾನೆ ಅವ್ವ ಒಂದು ಅರಿವೆಯ ಗಂಟು ಕೈಗಿಟ್ಟಳು. ಅದರಲ್ಲಿ ನನ್ನ ಮಂಗಳಸೂತ್ರ ಇತ್ತು. ಕರಿಮಣಿಯ ಎಳೆ, ನಡುವೆ ಬಂಗಾರದ ಎರಡು ಸಣ್ಣ ಬಟ್ಟಲು.

"ಕೊಳ್ಳಾಗ ಹಾಕ್ಕೊಂಡ್ರ ಗಂಡ ಎಲ್ಲಿ ಅಂತ ಕೇಳ್ತಾರ. ಪೆಟಗ್ಯಾಗ ಮುಚ್ಚಿಟ್ರ ಶುಭ ಅಲ್ಲ. ಗ್ವಾಡಿಗೆ ಹಾಕು, ಶುಕ್ರವಾರಕ್ಕೊಮ್ಮೆ ಕುಂಕುಮ ಹಚ್ಚು. ಯಾರ ಕಣ್ಣಿಗೂ ಬೀಳಬಾರದು ಮತ್ತ."

ನನಗೆ ಅದರಲ್ಲಿ ನಂಬಿಕೆ ಉಳಿದಿರಲಿಲ್ಲ. ಆದರೆ ಅವ್ವನ ಮುಖ ನೋಡಿ ಬೇಡವೆನ್ನಲಾಗಲಿಲ್ಲ. ಬಾಡಿಗೆಯ ಖೋಲಿಯಲ್ಲಿ ಗೋಡೆಗೆ ಒಂದೇ ಒಂದು ಮೊಳೆ ಇತ್ತು. ಅದಕ್ಕೆ ಮಂಗಳಸೂತ್ರ ಸಿಕ್ಕಿಸಿ, ಅದರ ಮೇಲೆ ಕಟ್ಟಿಗೆಯ ಚೌಕಟ್ಟಿನ, ಮೊಟ್ಟೆಯಾಕಾರದ ನನ್ನ ಕನ್ನಡಿಯನ್ನು ತೂಗುಹಾಕಿದೆ. ದಿನಾ ಬೆಳಿಗ್ಗೆ ಆ ಕನ್ನಡಿಯ ಮುಂದೆ ತಲೆ ಬಾಚಿಕೊಂಡು, ಸೆರಗನ್ನು ಎರಡೂ ಭುಜದ ಮೇಲೆ ಹೊದ್ದು, ಕುಮಾರಿಯಾಗಿ ಶಾಲೆಗೆ ಹೋಗುತ್ತಿದ್ದೆ.

ಖೋಲಿಯ ಒಡತಿ ಅಕ್ಕಾತಾಯಿ. ಐವತ್ತರ ಆಚೀಚಿನ ಹೆಂಗಸು, ದನಿ ದೊಡ್ಡದು. ಆ ಕಡೆಯವರಂತೆ ನಾನೂ ಅವರನ್ನು ಮಾವಶಿ ಎಂದು ಕರೆಯುತ್ತಿದ್ದೆ. ಅವರ ಯಜಮಾನರು ಎದೆಯ ರೋಗದಿಂದ ಮಿರಜದ ದವಾಖಾನೆಯಲ್ಲಿ ಮಲಗಿದ್ದರು. ಮಾವಶಿ ಒಂದು ದಿನ ಬಿಟ್ಟು ಒಂದು ದಿನ ಬುತ್ತಿ ಕಟ್ಟಿಕೊಂಡು ರೈಲಿನಲ್ಲಿ ಹೋಗಿ ಬರುತ್ತಿದ್ದರು. ಎಷ್ಟೇ ದಣಿದು ಬಂದರೂ ನನ್ನ ಬಾಗಿಲ ಮುಂದೆ ನಿಂತು ಒಂದು ಮಾತು ಆಡದೆ ಒಳಗೆ ಹೋಗುತ್ತಿರಲಿಲ್ಲ.

"ಏನ ತಂಗಿ, ಇಷ್ಟ ಓದಿ, ಇಷ್ಟ ಚಂದ ಇದ್ದೀ, ನಿಮ್ಮಪ್ಪಗ ಕಣ್ಣಿಲ್ಲೇನ? ಶೇಡಬಾಳದಾಗ ನನ್ನ ತಮ್ಮನ ಮಗಾ ಅದಾನ. ಫ್ಯಾಕ್ಟರಿ ನೌಕರಿ. ಮೂಗಷ್ಟ ತುಸು ದೊಡ್ಡದು."

"ಈಗ ಬ್ಯಾಡ್ರಿ ಮಾವಶಿ."

"ಮೂಗ ದೊಡ್ಡದಿದ್ರ ಏನಾತು? ಉಸಿರಾಡಾಕ ಚಲೋ!"

ನಗುತ್ತಿದ್ದೆ. ನಗುವಾಗಲೂ ಬೆನ್ನ ಹಿಂದಿನ ಕನ್ನಡಿ ನೆಟ್ಟಗಿದೆಯೋ ಇಲ್ಲವೋ ಎಂಬ ಎಚ್ಚರ ಇರುತ್ತಿತ್ತು.

ಶಾಲೆಯಲ್ಲಿ ಚಿತ್ರಕಲೆಯ ಮಾಸ್ತರರ ಜಾಗ ಬಹಳ ದಿನದಿಂದ ಖಾಲಿ ಇತ್ತು. ನಾನು ಹುಡುಗಿಯಾಗಿದ್ದಾಗ ಡ್ರಾಯಿಂಗ್ ಪರೀಕ್ಷೆಗಳನ್ನು ಪಾಸು ಮಾಡಿದ್ದು ತಿಳಿದ ಹೆಡ್ ಮಾಸ್ತರರು ಆ ಕೆಲಸವನ್ನೂ ನನಗೆ ಒಪ್ಪಿಸಿದರು. "ಈ ವರ್ಷ ನಾಕು ಹುಡುಗರರ ಡ್ರಾಯಿಂಗ್ ಲೋವರ್ ಪರೀಕ್ಷಾ ಪಾಸಾಗಬೇಕ್ರಿ ಬಾಯಾರ. ನಮ್ಮ ಸಾಲಿಗೆ ಹೆಸರು" ಎಂದರು. ಶಿಕ್ಷಕಿಯನ್ನು ಅಲ್ಲಿ ದೊಡ್ಡವರು ಬಾಯಾರ ಎನ್ನುತ್ತಾರೆ, ಮಕ್ಕಳು ಅಕ್ಕಾರ. ಬಯಸಿ ಬಂದ ಎಂಟನೆಯ ಇಯತ್ತೆಯ ಮಕ್ಕಳಿಗೆ ಭಾನುವಾರ ನನ್ನ ಖೋಲಿಯಲ್ಲೇ ಕಲಿಸತೊಡಗಿದೆ. ಚಾಪೆ ಹಾಸಿ, ಗೋಡೆಯ ಕಡೆ ಒಂದು ಸ್ಟೂಲು ಇಟ್ಟು, ಅದರ ಮೇಲೆ ವಸ್ತು. ನಾನು ಸ್ಟೂಲಿನ ಪಕ್ಕ, ಗೋಡೆಗೆ ಬೆನ್ನು ಮಾಡಿ ಕೂರುತ್ತಿದ್ದೆ.

ಮೊದಲ ಪಾಠ ತಂಬಿಗೆ. ಎಲ್ಲರೂ ಬಾಯಿಯನ್ನು ಪೂರ್ಣ ವರ್ತುಲವಾಗಿ ತೆಗೆದರು, ತಳಕ್ಕೆ ನೆಟ್ಟನೆಯ ಗೆರೆ ಎಳೆದರು.

"ಬಸೂ, ಇದರ ಬಾಯಿ ಇಷ್ಟು ದುಂಡಗ ಕಾಣ್ತೈತೇನು?"

"ದುಂಡಗ ಐತಲ್ರಿ ಅಕ್ಕಾರ." ಬಸು ತರಗತಿಯ ವಾಚಾಳಿ. "ದಿನಾ ನೀರ ಕುಡೀತೀನಿ, ನನಗ ಗೊತ್ತಿಲ್ಲೇನ್ರಿ?"

"ನಿನಗ ಗೊತ್ತಿದ್ದದ್ದು ಬ್ಯಾಡ. ಈಗ, ಕುಂತಲ್ಲಿಂದ, ಏನು ಕಾಣ್ತೈತಿ ಅದನ್ನ ಹೇಳು."

ಅವನು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. "ಅಯ್ಯ, ಮೀನಿನಂಗ ಕಾಣಾಕತ್ತೈತ್ರೀ!"

ಪೆನ್ಸಿಲ್ಲನ್ನು ಕೈ ಚಾಚಿ ಹಿಡಿದು ಹೆಬ್ಬೆರಳಿನಿಂದ ಅಳತೆ ಮಾಡುವುದನ್ನು ಹೇಳಿಕೊಟ್ಟೆ. ಯಾವ ವಸ್ತುವಾದರೂ ಸರಿ, ಮೊದಲು ಅದರೊಳಗಿನ ಆಕಾರಗಳನ್ನು ಹುಡುಕಬೇಕು. ತಂಬಿಗೆ ಎಂದರೆ ಒಂದು ಗೋಳ, ಅದರ ಮೇಲೆ ಒಂದು ಗಿಡ್ಡ ಕೊಳವೆ, ಅದರ ಮೇಲೆ ಒತ್ತಿದ ವರ್ತುಲ. ಕೊಳವೆಯಾಕಾರದ ಗಾಜು, ಮೇಲೆ ಕೆಳಗೆ ಮುಚ್ಚಳ, ಅರ್ಧ ವರ್ತುಲದ ಹಿಡಿ ಸೇರಿದರೆ ಕಂದೀಲು. ಹೊರಗೆರೆ ಬಂದ ಮೇಲೆ ಒಳಗಿನ ಗೆರೆಗಳನ್ನು ಹಗುರವಾಗಿ ಅಳಿಸಿಬಿಡಬೇಕು. ಬದನೆಕಾಯಿ ಇಟ್ಟ ದಿನ ಬಸು ಎದ್ದು ನಿಂತು, "ಅಕ್ಕಾರ, ಇದು ಭಾಳ ಹಗುರ. ಹೆಡ್ ಮಾಸ್ತರ ಹೊಟ್ಟಿ, ಮ್ಯಾಲ ಹೆಡ್ ಮಾಸ್ತರ ಟೊಪಗಿ" ಎಂದ. ಗದರಿಸಬೇಕಾಗಿತ್ತು. ನನಗೆ ಬದನೆಕಾಯಿಯ ಕಡೆ ನೋಡಲೂ ಆಗಲಿಲ್ಲ.

ಹಂಗಾಮು ಶುರುವಾದ ಮೇಲೆ ಅವರನ್ನು ರಸ್ತೆಗೆ ಕರೆದುಕೊಂಡು ಹೋದೆ. ಕಬ್ಬಿನ ಗಾಡಿಗಳು ಫ್ಯಾಕ್ಟರಿಯವರೆಗೂ ಸಾಲುಗಟ್ಟಿದ್ದವು, ಎತ್ತುಗಳು ನೊಗ ಬಿಚ್ಚಿಸಿಕೊಂಡು ಮೇಯುತ್ತಿದ್ದವು. ಗಾಲಿಯನ್ನು ಬದಿಯಿಂದ, ಓರೆಯಿಂದ, ಎದುರಿನಿಂದ ನೋಡಿ ಎಂದೆ. ಗಾಲಿ ಅದೇ, ನೀವು ನಿಂತ ಜಾಗ ಬೇರೆ, ಅದಕ್ಕೇ ಆಕಾರ ಬೇರೆ. ಅಷ್ಟರಲ್ಲಿ ಬಸು ಒಂದು ಗಾಡಿಯಿಂದ ಕಬ್ಬು ಎಳೆದ. "ಲೇ ಭಾಡ್ಯಾ, ಏನ ಮಾಡಾಕತ್ತೀಲೇ?" ಎಂದು ಗಾಡಿಯವನು ಕೂಗಿದ. "ಸಿಲಿಂಡರ್ ನೋಡಾಕತ್ತೀನೋ ಕಾಕಾ!" ಎಂದು ಬಸು ಕಬ್ಬಿನೊಂದಿಗೆ ಓಡಿದ.

ಈ ಗದ್ದಲದಲ್ಲಿ ತಲೆ ಎತ್ತದೆ ಗಾಲಿಯ ಚಿತ್ರ ತೆಗೆಯುತ್ತಿದ್ದವಳು ಮಹಾನಂದಾ. ಸಣ್ಣ ಮೈ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಅವಳ ತಾಯಿ ಗಂಗವ್ವ ಕಬ್ಬು ಕಡಿಯಲು ಹೋಗುತ್ತಿದ್ದಳು. ಮಹಾನಂದಾ ಎಡಚಿ. ಬೇರೆ ಮಾಸ್ತರರು ಅವಳ ಎಡಗೈಗೆ ಹೊಡೆದು ಬಲಗೈ ರೂಢಿ ಮಾಡಿಸಿದ್ದರು. ನನ್ನ ಖೋಲಿಯಲ್ಲಿ ಎಡಗೈಯಲ್ಲೇ ತೆಗೆಯಬಹುದು ಎಂದಾಗ ಅವಳು ನನ್ನನ್ನು ನಂಬಲಿಲ್ಲ, ಬಾಗಿಲ ಕಡೆ ನೋಡಿದಳು. ಎಡಮೊಣಕೈ ಪಕ್ಕದವರಿಗೆ ತಾಗುತ್ತದೆಂದು ಚಾಪೆಯ ಕೊನೆಗೆ, ಹೊಸ್ತಿಲ ಹತ್ತಿರ ಕೂರುತ್ತಿದ್ದಳು. ಅವಳಿಗೆ ಒಂದು ಮಾತು ಒಂದೇ ಸಲ ಹೇಳಿದರೆ ಸಾಕು. ಕಂಡದ್ದನ್ನು ತೆಗೆ ಎಂದರೆ ಕಂಡದ್ದನ್ನೇ ತೆಗೆಯುವಳು. ತಂಬಿಗೆಯ ಮೇಲೆ ಕೂತ ನೊಣವನ್ನೂ ಬಿಟ್ಟಿರಲಿಲ್ಲ.

ಮಾರ್ಗಶಿರ ಬಂತು. ಅಕ್ಕಾತಾಯಿ ಯಜಮಾನರ ಸಲುವಾಗಿ ಗುರುವಾರದ ಲಕ್ಷ್ಮೀಪೂಜೆ ಹಿಡಿದಿದ್ದರು. ಕಡೆಯ ಗುರುವಾರ ಮುತ್ತೈದೆಯರನ್ನೂ ಒಬ್ಬ ಕುಮಾರಿಯನ್ನೂ ಕರೆದು, ಕಾಲು ತೊಳೆದು, ಅರಿಶಿಣ ಕುಂಕುಮ ಕೊಟ್ಟು ಉಣಿಸಿದರೆ ವ್ರತ ಮುಗಿಯುತ್ತದೆ. ಕುಮಾರಿ ಎಂದು ಓಣಿಯ ಸಣ್ಣ ಹುಡುಗಿಯೊಬ್ಬಳಿಗೆ ಹೇಳಿದ್ದರು. ಅವಳಿಗೆ ಅದೇ ದಿನ ಜ್ವರ ಬಂತು. ಸಂಜೆ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದೆ, ಮಾವಶಿ ಓಡಿ ಬಂದರು.

"ತಂಗಿ, ಲಕ್ಷ್ಮೀನ ಕಳಿಸ್ಯಾಳ ನಿನ್ನ. ಬಾ, ನೀನ ಕುಂಡ್ರು."

"ನಾ ಬ್ಯಾಡ್ರಿ ಮಾವಶಿ. ಸಣ್ಣ ಹುಡುಗ್ಯಾರು ಬೇಕಲ್ರಿ."

"ಲಗ್ನ ಆಗದಾಕಿ ಆದ್ರ ಸಾಕು, ವಯಸ್ಸ ಯಾರ ಕೇಳ್ತಾರ? ಅವರು ಅಲ್ಲಿ ದವಾಖಾನ್ಯಾಗ ಮಲಗ್ಯಾರ, ನೀ ಇಲ್ಲಿ ನಾಚಿಕಿ ಮಾಡ್ತಿ!"

ಒಳಗೆ ಹೆಂಗಸರು ಕಾಯುತ್ತಿದ್ದರು. ಬಾಯಿ ತೆರೆದರೆ ಕೆಲಸ, ಖೋಲಿ, ಅವ್ವ ಕಟ್ಟಿದ ಮರೆ ಎಲ್ಲವೂ ಒಂದೇ ಸಲ ಹೋಗುತ್ತಿತ್ತು. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಮಾವಶಿ ನನ್ನ ಎದುರು ಮೊಣಕಾಲೂರಿ, ತಾಟಿನಲ್ಲಿ ನನ್ನ ಪಾದ ಇಟ್ಟು, ನಾನು ಮಕ್ಕಳಿಗೆ ಗೋಳ ತೋರಿಸಲು ಎರವಲು ತಂದಿದ್ದ ಅದೇ ಹಿತ್ತಾಳೆಯ ತಂಬಿಗೆಯಿಂದ ನೀರು ಹಾಕಿ ತೊಳೆದರು. ಎರಡನೆಯ ಬೆರಳಿನ ಬುಡದಲ್ಲಿ ಕಾಲುಂಗುರ ಕೂತಿದ್ದ ಜಾಗ ಇನ್ನೂ ಬೆಳ್ಳಗಿತ್ತು. ಅವರ ಹೆಬ್ಬೆರಳು ಅಲ್ಲಿ ಬಂದು ನಿಂತಿತು. ಅವರು ತಲೆ ಎತ್ತಲಿಲ್ಲ. ಮತ್ತೆ ನೀರು ಹಾಕಿದರು.

ಅರಿಶಿಣ ಹಚ್ಚಿದ ಆ ಪಾದಗಳನ್ನು ನಾನು ನಡೆಸಿಕೊಂಡು ಖೋಲಿಗೆ ಹೋದದ್ದು ಹೇಗೆಂದು ನೆನಪಿಲ್ಲ. ಬಚ್ಚಲಿನಲ್ಲಿ ತಿಕ್ಕಿ ತಿಕ್ಕಿ ತೊಳೆದೆ. ಅರಿಶಿಣ ಉಗುರಿನ ಸಂದಿಯಲ್ಲಿ ಉಳಿದುಕೊಂಡಿತು. ನನ್ನ ಗಂಡನ ಮನೆಯಲ್ಲಿ ಪಟ್ಟ ಅವಮಾನಗಳಿಗೆ ನಾನು ಅಳುತ್ತಿದ್ದೆ. ಈ ಮರ್ಯಾದೆಗೆ ಅಳುವುದಕ್ಕೂ ನನಗೆ ಹಕ್ಕಿಲ್ಲವೆನಿಸಿತು.

ಸಂಕ್ರಮಣದ ಹೊತ್ತಿಗೆ ಯಜಮಾನರು ಮಿರಜದಿಂದ ಮನೆಗೆ ಬಂದರು. ಸೊರಗಿದ್ದರು, ಕೆಮ್ಮು ಇತ್ತು, ಆದರೆ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಮಾತಾಡಿಸುವಷ್ಟು ಚೇತರಿಸಿಕೊಂಡಿದ್ದರು. ಮಾವಶಿ ಓಣಿಯವರಿಗೆಲ್ಲ ಹೇಳಿದರು: "ನಮ್ಮ ಬಾಯಾರ ಕಾಲಗುಣ."

ಅದಾದ ಕೆಲವು ದಿನಕ್ಕೆ ಒಂದು ಭಾನುವಾರ ಮಕ್ಕಳು ಗೊಣಗಿದರು. ಬಸು ಎಲ್ಲರ ಪರವಾಗಿ ಹೇಳಿದ: "ಅಕ್ಕಾರ, ತಂಬಿಗಿ ಸಾಕ್ರಿ. ಕನಸಿನ್ಯಾಗೂ ತಂಬಿಗಿ ಬರಾಕತ್ತಾವ. ಬ್ಯಾರೆ ಏನರ ಇಡ್ರಿ."

ಗ್ಯಾದರಿಂಗ್ ಹತ್ತಿರ ಬಂದಿತ್ತು. ಶಾಲೆಯ ವಾರ್ಷಿಕೋತ್ಸವಕ್ಕೆ ಅಲ್ಲಿ ಎಲ್ಲರೂ ಹೇಳುವುದು ಗ್ಯಾದರಿಂಗ್ ಎಂದೇ. ಅಂದು ಮಕ್ಕಳ ಚಿತ್ರಗಳನ್ನೂ ಗೋಡೆಗೆ ಹಚ್ಚುವುದಿತ್ತು, ಹೊಸದೇನಾದರೂ ಇದ್ದರೆ ಚೆನ್ನ ಎನ್ನಿಸಿತು. ಸುತ್ತ ನೋಡಿದೆ. ಮೊಟ್ಟೆಯಾಕಾರ ಇನ್ನೂ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಎದ್ದು, ಗೋಡೆಯ ಮೇಲಿನ ಕನ್ನಡಿಯನ್ನು ಎರಡೂ ಕೈಯಿಂದ ಎತ್ತಿ, ತಿರುಗಿ, ಸ್ಟೂಲಿನ ಮೇಲೆ ಓರೆಯಾಗಿ ಆನಿಸಿದೆ. ಅದರ ಬುಡಕ್ಕೆ ಒಂದು ನಿಂಬೆಹಣ್ಣು ಇಟ್ಟೆ. ಎಂದಿನಂತೆ ಗೋಡೆಗೆ ಬೆನ್ನು ಮಾಡಿ ಕೂತೆ.

"ಚೌಕಟ್ಟಿನ ಮೊಟ್ಟಿ ಮೊದಲು. ನಡುವಿನ ಗೆರಿ ಎಳಕೊಳ್ರಿ. ನಿಮ್ಮ ನಿಮ್ಮ ಜಾಗಾದಿಂದ ಏನು ಕಾಣ್ತೈತಿ ಅಷ್ಟ ತಗೀರಿ."

ಅವತ್ತು ಅವರು ವಿಪರೀತ ಸುಮ್ಮನಿದ್ದರು. ಬಸು ಕೂಡ. ಹೊಸ ವಸ್ತುವಿನ ಗುಣ ಎಂದುಕೊಂಡೆ. ಮಹಾನಂದಾ ಒಮ್ಮೆ ತಲೆ ವಾಲಿಸಿ, "ಅಕ್ಕಾರ, ನನಗ ಇಲ್ಲಿಂದ ಕನ್ನಡಿ ಪೂರಾ ಕಾಣೂದಿಲ್ರಿ, ಬಸೂನ ತಲಿ ಅಡ್ಡ ಬರ್ತೈತಿ" ಎಂದಳು.

"ಕಂಡಷ್ಟ ತಗಿ."

"ಗ್ವಾಡಿ ಕಾಣ್ತೈತ್ರಿ."

"ಗ್ವಾಡಿ ಕಂಡ್ರ ಗ್ವಾಡಿ ತಗಿ. ಕಂಡದ್ದನ್ನ ಬಿಡಬಾರದು."

ಅವಳು ಸಂಜೆ ಎಲ್ಲರಿಗಿಂತ ಕೊನೆಗೆ ಎದ್ದು, ನೆರಳು ಬಿಡುವುದು ಬಾಕಿ ಇದೆ, ಮನೆಯಲ್ಲಿ ಮುಗಿಸುತ್ತೇನೆ ಎಂದು ಹಾಳೆಯನ್ನು ಸುರುಳಿ ಮಾಡಿಕೊಂಡು ಹೋದಳು. ನಾನು ಕನ್ನಡಿ ಎತ್ತಿಕೊಂಡು ಗೋಡೆಯ ಕಡೆ ತಿರುಗಿದೆ.

ಮೊಳೆಗೆ ಮಂಗಳಸೂತ್ರ ತೂಗುತ್ತಿತ್ತು. ಪಾಠದ ಗುಂಗಿನಲ್ಲಿ ಅದನ್ನು ಮರೆತೇಬಿಟ್ಟಿದ್ದೆ. ಬಾಗಿಲಿನಿಂದ ಬಂದ ಇಳಿಬಿಸಿಲು ನೇರ ಅದರ ಮೇಲಿತ್ತು. ಬೇಗ ಕನ್ನಡಿ ಹಾಕಿ ಮುಚ್ಚಿದೆ. ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಎಲ್ಲರ ಕಣ್ಣೂ ಕನ್ನಡಿಯ ಮೇಲೆ ಇತ್ತು, ಯಾರೂ ನೋಡಿಲ್ಲ.

ಗ್ಯಾದರಿಂಗ್ ದಿನ ಬೆಳಿಗ್ಗೆಯಿಂದ ನಾನು ಕೋಲಾಟದ ಹುಡುಗಿಯರಿಗೆ ಸೀರೆ ಉಡಿಸುತ್ತಿದ್ದೆ. ಚಿತ್ರಗಳನ್ನು ಹೆಡ್ ಮಾಸ್ತರರೇ ಮಕ್ಕಳಿಂದ ತೆಗೆದುಕೊಂಡು ಹಚ್ಚಿಸಿದ್ದರು. ಮಧ್ಯಾಹ್ನ ನಾನು ಆ ಕೋಣೆಗೆ ಹೋದಾಗ ಒಂದು ಚಿತ್ರದ ಮುಂದೆ ಹೆಂಗಸರು ಗುಂಪುಗೂಡಿದ್ದರು. ಅಕ್ಕಾತಾಯಿ ಮುಂದೆ ಇದ್ದರು. ಮಹಾನಂದಾ ಹಿಗ್ಗಿನಿಂದ, "ಇದು ನಮ್ಮ ಅಕ್ಕಾರ ಖೋಲಿ" ಎಂದು ತೋರಿಸುತ್ತಿದ್ದಳು.

ಕನ್ನಡಿಯ ಒಂದು ಅಂಚು, ಬಸುವಿನ ತಲೆಯ ಹಿಂಭಾಗ, ನನ್ನ ಭುಜ, ಅದರ ಮೇಲೆ ಗೋಡೆ. ಗೋಡೆಯ ನಡುವೆ ಮೊಳೆ. ಮೊಳೆಯಿಂದ ಇಳಿದ ಕರಿಮಣಿಯ ಎಳೆ, ಕೊನೆಯಲ್ಲಿ ಎರಡು ಅರ್ಧಗೋಳ. ನಾನು ಕಲಿಸಿದ ಹಾಗೆಯೇ ಬೆಳಕು ಬಿದ್ದ ಕಡೆ ಕಾಗದವನ್ನು ಬಿಳಿಯಾಗಿ ಬಿಟ್ಟಿದ್ದಳು. ಎಳೆಯ ಪಕ್ಕ ಅದರ ನೆರಳು ಗೋಡೆಯ ಮೇಲೆ ಇನ್ನೊಂದು ಎಳೆಯಾಗಿ ಇಳಿದಿತ್ತು. ಅಷ್ಟು ಒಳ್ಳೆಯ ಚಿತ್ರವನ್ನು ಅವಳು ಅದುವರೆಗೆ ತೆಗೆದಿರಲಿಲ್ಲ.

"ಮಂಗಳಸೂತ್ರ ಅಲ್ಲೇನಬೇ ಇದು?" ಎಂದು ಯಾರೋ ಅಂದರು.

"ಬಾಯಾರದು ಲಗ್ನ ಆಗಿಲ್ಲಲ್ಲ."

"ಮೊಳಿಗೆ ಯಾರರ ಹಾಕ್ತಾರೇನ, ಶಿವಶಿವಾ."

ಗಂಗವ್ವ ಹಿಂದಿನಿಂದ ನುಗ್ಗಿ ಬಂದು ಮಗಳ ಕೆನ್ನೆಗೆ ಹೊಡೆದಳು. "ಏನೇನರ ತಗೀತೀಯೇನ? ನಿನಗ ಕಲಿಸಿದಾಕಿ ಮ್ಯಾಲ ಸುಳ್ಳ ತಗೀತೀ?"

"ಸುಳ್ಳಲ್ಲಬೇ! ಇತ್ತು!"

ಹೆಡ್ ಮಾಸ್ತರರು ಬಂದರು. ಚಿತ್ರ ನೋಡಿದರು, ನನ್ನನ್ನು ನೋಡಿದರು. ಅವರು ಒಳ್ಳೆಯವರು. ದನಿ ತಗ್ಗಿಸಿ ನನಗೊಂದು ದಾರಿ ಮಾಡಿಕೊಟ್ಟರು: "ನಿಮ್ಮ ತಾಯಾರದ ಇರಬೇಕು, ಅಲ್ರಿ ಬಾಯಾರ? ಇಟ್ಟ ಹೋಗಿರ್ತಾರ."

ಅಕ್ಕಾತಾಯಿ ಚಿತ್ರದಿಂದ ಕಣ್ಣು ಕೀಳಲಿಲ್ಲ. ದೀಪಾವಳಿಗೆ ಅವ್ವ ಬಂದಾಗ ಅವಳ ಕೊರಳಲ್ಲಿ ಅವಳ ಮಂಗಳಸೂತ್ರ ಇದ್ದದ್ದನ್ನು ಅವರು ನೋಡಿದ್ದರು. ನನಗೆ ಹೂಂ ಎಂದರೆ ಸಾಕಾಗಿತ್ತು. ಮಹಾನಂದಾ ಕೆನ್ನೆ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. "ಅಕ್ಕಾರ, ನೀವ ಹೇಳ್ರಿ. ಮೊಳಿಗೆ ಇತ್ತಲ್ರಿ? ನಾ ಕಂಡದ್ದ ತಗದೀನಲ್ರಿ?"

"ಇತ್ತು" ಎಂದೆ. "ಆಕಿ ಸರಿ ತಗದಾಳ. ಅದು ನಂದ."

ಧೈರ್ಯದಿಂದ ಹೇಳಿದೆ ಎಂದು ಬರೆಯಲಾರೆ. ಆ ಮಗುವಿನ ಕೆನ್ನೆಯ ಮೇಲೆ ಬೆರಳು ಮೂಡಿದ್ದವು, ಬೇರೆ ಮಾತು ಬಾಯಿಗೆ ಬರಲಿಲ್ಲ, ಅಷ್ಟೇ. ಹೇಳಿದ ಮೇಲೆ ನೆಲ ನೋಡುತ್ತ ನಿಂತೆ. ಹೆಂಗಸರು ಒಬ್ಬೊಬ್ಬರಾಗಿ ಸರಿದು ಹೋದರು. ಹೋಗುವಾಗ ಸೀರೆಯ ನೆರಿಗೆ ನನಗೆ ತಾಗದಂತೆ ಎತ್ತಿಕೊಂಡವರೂ ಇದ್ದರು. ಹೊರಗೆ ಕೋಲಾಟದ ಹಾಡು ಶುರುವಾಯಿತು. ನಾನು ಉಡಿಸಿದ ಸೀರೆಗಳಲ್ಲಿ ಆ ಹುಡುಗಿಯರು ಚೆನ್ನಾಗಿ ಕುಣಿದರಂತೆ.

ಆ ಸಂಜೆ ಅಕ್ಕಾತಾಯಿ ಬಂದು ನನ್ನ ಹೊಸ್ತಿಲ ಹೊರಗೆ ನಿಂತರು. ಒಳಗೆ ಕರೆದೆ, ಬರಲಿಲ್ಲ.

"ಕುಮಾರಿ ಅಂತ ಕಾಲ ತೊಳದೆ. ಮುತ್ತೈದಿ ಅಂತ ಉಡಿ ತುಂಬೂಣಂದ್ರ ಕೊಳ್ಳಾಗ ಇಲ್ಲ. ನೀ ಏನಬೇ ತಂಗಿ? ಏನಂತ ಕರೀಲಿ ನಿನ್ನ?"

ನಾನು ಕಾಲ್ಬೆರಳುಗಳನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡೆ.

"ಆವತ್ತ ನಿನ್ನ ಕಾಲ ಬಳ್ಳಿನ ಮ್ಯಾಲ ಉಂಗರದ ಕಲಿ ಕಂಡಿತ್ತು. ಕೈ ನಿಂತಬಿಡ್ತು. ಯವ್ವಾ ಲಕ್ಷ್ಮೀ, ನಾ ಏನೂ ನೋಡಿಲ್ಲ ಅಂದೆ. ಆಕಿಗೆ ಎಲ್ಲಾ ಗೊತ್ತಿತ್ತು. ಗೊತ್ತಿದ್ದೂ ಇವರನ್ನ ತಿರುಗಿ ಕಳಿಸಿದಳು. ನನಗ್ಯಾಕ ಹೇಳಲಿಲ್ಲ ನೀ? ನಿನ್ನ ಹಿಡಕೊಂಡ ತಿಂತಿದ್ನೇನ?"

"ತಪ್ಪಾತ್ರಿ ಮಾವಶಿ."

"ಹೊಡೀತಿದ್ನೇನ ಅಂವಾ?"

ಅವರು ನನ್ನ ಮುಖ ನೋಡಿ, ಮೂಗು ಒರೆಸಿಕೊಂಡು, ಬೇರೆಯದೇ ದನಿಯಲ್ಲಿ ಹೇಳಿದರು: "ಯುಗಾದಿಗೆ ಖೋಲಿ ಬಿಡು. ಮಂದಿ ನನ್ನ ಸುಮ್ಮನ ಬಿಡೂದಿಲ್ಲ." ಹೋಗಿ, ಸ್ವಲ್ಪ ಹೊತ್ತಿಗೆ ಒಂದು ತಾಟಿನಲ್ಲಿ ರೊಟ್ಟಿ ಪಲ್ಲೆ ತಂದು, ಹೊಸ್ತಿಲ ಮೇಲಿಟ್ಟು, ಮಾತಾಡದೆ ತಿರುಗಿದರು. ಆ ರೊಟ್ಟಿಯನ್ನು ನಾನು ತಿಂದೆ. ಅದನ್ನು ತಿನ್ನುವಾಗ ಆದಷ್ಟು ನಾಚಿಕೆ ಮಧ್ಯಾಹ್ನ ಎಲ್ಲರೆದುರು ನಿಂತಾಗಲೂ ಆಗಿರಲಿಲ್ಲ.

ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದಿನ 'ಕುಮಾರಿ'ಯನ್ನು ಹೆಡ್ ಮಾಸ್ತರರು ಹೊಡೆದುಹಾಕಿದರು. ಅದರ ಜಾಗದಲ್ಲಿ ಏನೂ ಬರೆಯಲಿಲ್ಲ. ಮಕ್ಕಳನ್ನು ಚಿಕ್ಕೋಡಿಗೆ ಪರೀಕ್ಷೆಗೆ ಕರೆದುಕೊಂಡು ಹೋಗುವ ಕೆಲಸವನ್ನು ಆಟದ ಮಾಸ್ತರರಿಗೆ ವಹಿಸಿದರು. ನಾನೂ ಕೇಳಲಿಲ್ಲ.

ಮರುಭಾನುವಾರ ಯಾರೂ ಬರುವುದಿಲ್ಲವೆಂದೇ ಚಾಪೆ ಹಾಸಿರಲಿಲ್ಲ. ಬಾಗಿಲು ಅರ್ಧ ಮುಚ್ಚಿ ಕೂತಿದ್ದೆ. ಹೊರಗೆ ಪಿಸುಮಾತು ಕೇಳಿತು. "ನೀ ಮೊದಲ ಹೋಗಲೇ." "ನೀ ಹೋಗಬೇ, ನೀ ತಗದಾಕಿ." ಬಸು ಮಹಾನಂದಾಳನ್ನು ಮುಂದೆ ತಳ್ಳಿಕೊಂಡು ಒಳಗೆ ಬಂದ. ಬೇರೆ ಯಾರೂ ಇರಲಿಲ್ಲ. ಮಹಾನಂದಾಳ ಕೈಯಲ್ಲಿ ಆ ಹಾಳೆಯ ಸುರುಳಿ, ಇನ್ನೊಂದು ಮುಷ್ಟಿಯಲ್ಲಿ ರಬ್ಬರು.

"ಅಕ್ಕಾರ, ಅಳಿಸಿಬಿಡ್ಲ್ಯಾ?" ಎಂದಳು. "ಬರೇ ಗ್ವಾಡಿ ಅಷ್ಟ ಬಿಡ್ತೀನಿ. ಮೊಳಿನೂ ಅಳಸ್ತೀನಿ."

ಬಸು ನಡುವೆ ಬಾಯಿ ಹಾಕಿದ. "ನಾ ಆವತ್ತ ಸನ್ನಿ ಮಾಡಿದ್ನಿರಿ ಅಕ್ಕಾರ, ತಗೀಬ್ಯಾಡ ಅಂತ. ಈ ಹುಚ್ಚಿಗೆ ತಿಳೀಲಿಲ್ಲ."

"ಯಾವತ್ತ?"

"ಕನ್ನಡಿ ಇಳಿಸಿದ ದಿವಸರಿ."

"ನೀ ನೋಡಿದ್ದ್ಯಾ?"

"ಎಲ್ಲಾರೂ ನೋಡಿದ್ವಿರಿ." ಅವನು ಕಾಲಿನಿಂದ ನೆಲ ಕೆರೆದ. "ನಿಮ್ಮ ಬೆನ್ನ ಹಿಂದ ಇತ್ತಲ್ರಿ. ನಮಗೆಲ್ಲಾ ಕಾಣತಿತ್ತು. ತಗೀಬಾರದು ಅಂತ ಬಿಟ್ವಿ. ಮನ್ಯಾಗೂ ಹೇಳಲಿಲ್ರಿ, ದೇವರಾಣಿ."

ಅವತ್ತಿನ ಆ ವಿಪರೀತ ಮೌನ ನನಗೆ ಆಗ ಅರ್ಥವಾಯಿತು. ಕಂಡದ್ದನ್ನು ಬಿಡಬಾರದು ಎಂದು ನಾನು ಹೇಳುತ್ತಿದ್ದಾಗ ಆ ಮಕ್ಕಳು ತಲೆ ತಗ್ಗಿಸಿ, ಕಂಡದ್ದನ್ನು ಬಿಟ್ಟು, ಬರೀ ಕನ್ನಡಿ ನಿಂಬೆಹಣ್ಣು ತೆಗೆದಿದ್ದರು. ಗ್ಯಾದರಿಂಗಿನವರೆಗೂ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ದಿನಾ ನನಗೆ ನಮಸ್ಕಾರ ಹೇಳಿ, ಪಾಠ ಒಪ್ಪಿಸಿದ್ದರು. ನಾನು ಇಡೀ ಊರಿನಿಂದ ಅದನ್ನು ಮರೆಮಾಡಿದ್ದೇನೆ ಎಂದುಕೊಂಡಿದ್ದೆ. ಮರೆ ಹಿಡಿದವರು ಅವರಾಗಿದ್ದರು.

ಚಾಪೆ ಹಾಸಿದೆ. ಮಹಾನಂದಾಳ ಕೈಯಿಂದ ರಬ್ಬರು ತೆಗೆದುಕೊಂಡು ಚಿತ್ರವನ್ನು ಮಡಿಲಲ್ಲಿ ಬಿಡಿಸಿದೆ. ಕಣ್ಣು ಮಂಜಾಗಿದ್ದವು, ಆದರೂ ಕಾಣಿಸಿತು.

"ಇಲ್ಲಿ ನೋಡು. ಎಡಗಡಿ ಬಟ್ಟಲಾ ಸರಿ ಬಂದೈತಿ. ಬಲಗಡೀದು ಚಪ್ಪಟಿ ಆಗೇತಿ, ಅರ್ಧ ಗೋಳ ಕಾಣವಲ್ದು. ನೆರಳು ಅಂಚಿಗಿಂತ ಒಳಗ ಗಟ್ಟಿ ಇರಬೇಕು."

"ಅವತ್ತ ಬಿಸಿಲ ಬಿದ್ದ ಹೊಳೀತಿತ್ರಿ. ಸರಿ ಕಾಣಲಿಲ್ಲ."

ನಾನು ಎದ್ದು ಕನ್ನಡಿಯನ್ನು ಇಳಿಸಿ ಕೆಳಗಿಟ್ಟೆ. ಬಾಗಿಲನ್ನು ಪೂರ್ತಿ ತೆರೆದೆ. ಕಟ್ಟೆಯ ಮೇಲೆ ಕೂತಿದ್ದ ಯಜಮಾನರು, ಅಕ್ಕಿ ಆರಿಸುತ್ತಿದ್ದ ಮಾವಶಿ, ಓಣಿಯಲ್ಲಿ ಹೋಗುವವರು, ಯಾರು ಬೇಕಾದರೂ ಒಳಗೆ ನೋಡಬಹುದಾಗಿತ್ತು. ಈ ಸಲ ನಾನು ಗೋಡೆಗೆ ಬೆನ್ನು ಮಾಡಲಿಲ್ಲ. ಮಕ್ಕಳ ಜೊತೆ ಚಾಪೆಯ ಮೇಲೆ ಕೂತು ಮೊಳೆಯ ಕಡೆ ಮುಖ ಮಾಡಿದೆ. ಮದುವೆಯ ದಿನದಿಂದ ಅದನ್ನು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ. ಬಲಗಡೆಯ ಬಟ್ಟಲಿಗೆ ಒಂದು ಸಣ್ಣ ನೆಗ್ಗು ಬಿದ್ದಿತ್ತು. ಅದು ಯಾವಾಗ ಬಿತ್ತು, ಹೇಗೆ ಬಿತ್ತು ಎಂಬುದು ನನಗೆ ಗೊತ್ತಿತ್ತು. ಮಹಾನಂದಾ ಚಪ್ಪಟೆಯಾಗಿ ತೆಗೆದದ್ದೇ ಸರಿಯಾಗಿತ್ತು.

"ನಿಂದ ಸರಿ ಐತಿ" ಎಂದೆ. "ಹಂಗ ಇರ್ಲಿ."

ಅವಳು ಎಡಗೈಯಲ್ಲಿ ಪೆನ್ಸಿಲು ಹಿಡಿದು, ಕೈ ಚಾಚಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಅಳತೆ ತೆಗೆದುಕೊಂಡಳು. ಬಸು ಒಂದು ಹಾಳೆ ಕೇಳಿದ. ನಾನೂ ಒಂದು ತೆಗೆದುಕೊಂಡೆ. ನನ್ನ ಎಳೆ ಸೊಟ್ಟ ಬಂತು. ಓಣಿಯಲ್ಲಿ ಯಾರೋ ನಿಂತು ನೋಡಿ ಹೋದರು. ಅಷ್ಟು ಹೊತ್ತೂ ನನ್ನ ಎಡಗೈ ಬರಿಗೊರಳನ್ನು ಮುಚ್ಚಿಕೊಂಡೇ ಇತ್ತು. ತೆಗೆಯಬೇಕೆಂದರೂ ತೆಗೆಯಲಾಗಲಿಲ್ಲ.